ಜೊಂಡಿನೊಳಗಿನ ಕೂಗು

ಹೊಸ ಹಕ್ಕಿ ಸಿಕ್ಕಿತು ಅಂತ ಪೇಪರಿನಲ್ಲಿ ಬಂದ ದಿನ ಜೊಂಡು ಕೊಯ್ಯುವವರು ಯಾರೂ ಪೇಪರು ಓದಲಿಲ್ಲ. ಸೊಂಟದ ಮಟ್ಟ ನೀರಿನಲ್ಲಿ ನಿಂತು ಕುಡುಗೋಲು ಬೀಸುತ್ತಿದ್ದರು.

ಅವರ ಪಾಲಿಗೆ ಅದು ಹೊಸದೇನಲ್ಲ. ಅವರು ಅದನ್ನು ಪೀಚಿ ಅನ್ನುತ್ತಿದ್ದರು. ಹೆಬ್ಬೆರಳಿಗಿಂತ ಒಂದಿಷ್ಟು ದೊಡ್ಡದು. ಒಣಗಿದ ಜೊಂಡಿನ ಬಣ್ಣ. ಕಣ್ಣಿನ ಮೇಲೊಂದು ಮಾಸಲು ಗೆರೆ. ಎದುರಿಗೇ ಕೂತಿದ್ದರೂ ಕಾಣುವುದಿಲ್ಲ, ಅಂಥ ಬಡಪಾಯಿ ಹಕ್ಕಿ. ಪೇಪರಿನವರು ಅದಕ್ಕೆ ಬೇರೆ ಹೆಸರು ಹಾಕಿದ್ದರು. ಯಾರೋ ದೊಡ್ಡ ಪ್ರೊಫೆಸರರ ಹೆಸರಂತೆ. ಆ ಪುಣ್ಯಾತ್ಮ ಸತ್ತು ಎಷ್ಟೋ ವರ್ಷವಾಗಿತ್ತಂತೆ. ಬದುಕಿದ್ದಾಗ ಈ ಕೆಸರಿಗೆ ಒಂದು ದಿನವೂ ಕಾಲಿಟ್ಟವನಲ್ಲ. ಆದರೂ ಹಕ್ಕಿ ಅವನದಾಯಿತು.

ಗಂಟಕ್ಕ ಮದುವೆಯಾಗಿ ಬಂದ ಮೂರನೇ ದಿನವೇ ಜೊಂಡಿಗೆ ಇಳಿದವಳು. ಈಗ ಅವಳಿಗೆ ನಲವತ್ತಾರು. ಜೊಂಡಿನ ಕೆಲಸ ಅಂದರೆ ಹುಲ್ಲು ಕೊಯ್ಯುವುದು ಅಂತ ಹೊರಗಿನವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ. ಜೊಂಡಿನ ಎಲೆಯ ಅಂಚು ಬ್ಲೇಡು. ಮೊದಲ ವರ್ಷ ಮುಂಗೈ ತುಂಬ ಗೀರು. ಎರಡನೇ ವರ್ಷ ಗೀರಿನ ಮೇಲೆ ಗೀರು. ಆಮೇಲೆ ಚರ್ಮ ದಪ್ಪಗಾಗಿ ಎಲೆಯೇ ಸೋಲುತ್ತದೆ. ಕಾಲು ಮಾತ್ರ ಯಾವತ್ತೂ ಗೆಲ್ಲುವುದಿಲ್ಲ. ದಿನವೂ ಆರೇಳು ಗಂಟೆ ನೀರಲ್ಲಿ ನಿಂತ ಕಾಲು ಬೆರಳ ಸಂದಿಯಲ್ಲಿ ಬಿರಿದು, ಬೆಳ್ಳಗಾಗಿ ನಾರುತ್ತದೆ. ಜಿಗಣೆ ಕಚ್ಚಿದ್ದು ಗೊತ್ತಾಗುವುದು ಅದು ಹೊಟ್ಟೆ ತುಂಬ ಕುಡಿದು ಉದುರಿದ ಮೇಲೆ. ಹೊರೆ ತಲೆಗೇರಿಸಿದರೆ ಅದರ ನೀರೆಲ್ಲ ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ತೊಡೆಗೆ ಇಳಿಯುತ್ತದೆ. ಬಸುರಿಯಾಗಿದ್ದಾಗಲೂ ಅವಳು ಹೊತ್ತಳು. ಮಗು ಉಳಿಯಲಿಲ್ಲ. ಎಂಟನೇ ದಿನ ಮತ್ತೆ ಹೊತ್ತಳು. ಗಂಡ ಕಾಲಿನ ಹುಣ್ಣು ನಂಜಾಗಿ ಸತ್ತ. ಉಳಿದವರು ಅವಳು, ಅತ್ತೆ, ಒಬ್ಬ ಮೈದುನ.

ಅವಳು ಕೊಯ್ದು ತಂದದ್ದರಲ್ಲಿ ಅತ್ತೆ ಚಾಪೆ ಹೆಣೆಯುತ್ತಿದ್ದಳು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ಎಲ್ಲ ಮಂಜು. ಕೈಗೆ ಮಾತ್ರ ಎಲ್ಲವೂ ಕಾಣುತ್ತಿತ್ತು. ಕಡ್ಡಿಯ ಮೇಲೆ ಬೆರಳಾಡಿಸಿ, ಇದು ಜೌಗಿನ ಯಾವ ಮೂಲೆಯದು, ಕೊಯ್ದವಳಿಗೆ ಅವತ್ತು ಸಿಟ್ಟು ಬಂದಿತ್ತೋ ಇಲ್ಲವೋ, ಎಲ್ಲ ಹೇಳುತ್ತಿದ್ದಳು.

ಪೀಚಿ ಗೂಡು ಕಟ್ಟುವುದು ಹಳೇ ಜೊಂಡಿನಲ್ಲಲ್ಲ. ಹೋದ ವರ್ಷ ಕೊಯ್ದ ಜಾಗದಲ್ಲಿ ಮತ್ತೆ ಎದ್ದು ನಿಂತ ಎಳೇ ಜೊಂಡಿನಲ್ಲಿ. ಅದಕ್ಕೆ ನೆಟ್ಟಗಿನ ಕಡ್ಡಿ ಬೇಕು, ಕೆಳಗೆ ನೀರು ಬೇಕು. ಕೊಯ್ಯದೆ ಬಿಟ್ಟ ಜೊಂಡು ಮುದಿಯಾಗಿ ಒಂದರ ಮೇಲೊಂದು ಬಿದ್ದುಕೊಳ್ಳುತ್ತದೆ. ಕೆಳಗೆ ಕಸ ತುಂಬಿ ನೀರು ಆರುತ್ತದೆ. ಬಿದ್ದ ಕಡ್ಡಿಯ ಮೇಲೆ ಇಲಿ ಹತ್ತಿ ಬರುತ್ತದೆ, ಇಲಿಯ ಹಿಂದೆ ಹಾವು. ಇದು ಪೀಚಿಗೂ ಗೊತ್ತು, ಕೊಯ್ಯುವವರಿಗೂ ಗೊತ್ತು. ಪೀಚಿ ಜೊಂಡಿನ ಕಡ್ಡಿ ಕೊರೆಯುವ ಹುಳ ತಿನ್ನುತ್ತದೆ. ಹುಳ ಬೀಳದ ಕಡ್ಡಿಯ ಚಾಪೆ ಹತ್ತು ವರ್ಷ ಬಾಳುತ್ತದೆ. ಹಾಗಾಗಿ ಕೊಯ್ಯುವವರು ಪೀಚಿಯನ್ನು ಕಾಪಾಡುತ್ತಿದ್ದರು. ಅಯ್ಯೋ ಪಾಪ ಅಂತ ಅಲ್ಲ, ಜೊತೆಗೆ ಕೆಲಸ ಮಾಡುವವರು ಅಂತ.

ಅದಕ್ಕೊಂದು ಕ್ರಮವಿತ್ತು. ಹೊಸ ತುಂಡಿಗೆ ಕುಡುಗೋಲು ಹಾಕುವ ಮೊದಲು ಒಬ್ಬಳು ಜೊಂಡಿನ ಎಲೆಯನ್ನು ತುಟಿಗಳ ನಡುವೆ ಹಿಡಿದು ಪೀಚಿಯ ಹಾಗೆ ಕೂಗಬೇಕು. ಎರಡು ಸಣ್ಣ ಚಿಟುಕು, ಆಮೇಲೆ ಉದ್ದಕ್ಕೆ ಒಂದು ಕಿರ್ರನೆಯ ಎಳೆತ. ಕೂಗಿ ಕಾಯಬೇಕು. ಗೂಡಿನ ಹತ್ತಿರ ಹಕ್ಕಿ ಇದ್ದರೆ ಉತ್ತರ ಕೊಡುತ್ತದೆ. ಉತ್ತರ ಬಂದ ಕಡೆ ನಿಧಾನ ಹೋಗಿ, ಗೂಡಿನ ಸುತ್ತಲಿನ ಕಡ್ಡಿಗಳನ್ನು ಸೇರಿಸಿ, ಎಡಕ್ಕೆ ತಿರುಗಿಸಿ ಒಂದು ಗಂಟು ಹಾಕಬೇಕು. ಗಂಟು ಕಂಡಲ್ಲಿ ಯಾರೂ ಕೊಯ್ಯುವುದಿಲ್ಲ. ಮರಿ ಹಾರಿಹೋದ ಮೇಲೆ ಕಟ್ಟಿದವಳೇ ಹೋಗಿ ಬಿಚ್ಚಬೇಕು. ಬಿಚ್ಚದಿದ್ದರೆ ಆ ಜಾಗ ಕೊಯ್ಲಿಲ್ಲದೆ ಮುದಿಯಾಗುತ್ತದೆ. ಕಟ್ಟಿ ಮರೆತವಳಿಗೆ ಉಳಿದವರೆಲ್ಲ ಸೇರಿ ಮಂಗಳಾರತಿ ಮಾಡುತ್ತಿದ್ದರು.

ಅವಳ ಗಂಟು ಎಷ್ಟು ಮಳೆ ಗಾಳಿ ಬಂದರೂ ಜಾರುತ್ತಿರಲಿಲ್ಲ. ಅದಕ್ಕೇ ಗಂಟಕ್ಕ. ಅವಳ ಕೂಗೂ ಚೆನ್ನಾಗಿತ್ತು, ಆದರೆ ಅತ್ತೆಗೆ ಸಮಾಧಾನವಿಲ್ಲ. ಆ ಕೂಗು ಕಲಿಸಿದವಳೇ ಅತ್ತೆ.

"ಎಳೀತಾ ಎಳೀತಾ ನಡುವೆ ಉಸಿರು ತಗೋತೀಯಲ್ಲೇ," ಅನ್ನುತ್ತಿದ್ದಳು. "ಪೀಚಿ ಎಲ್ಲಾದ್ರೂ ನಡುವೆ ಉಸಿರು ತಗೊಳ್ಳುತ್ತಾ? ನಿಂಗೆ ಉತ್ತರ ಕೊಡೋ ಹಕ್ಕಿಗಳಿಗೆ ಬುದ್ಧಿ ಇಲ್ಲ ಬಿಡು."

"ನಿಮ್ಮ ಎದೆ ಹಾಗೆ ನಂದಿಲ್ಲ ಅತ್ತೆ. ದಿನಾ ಬೈದೂ ಬೈದೂ ನಿಮಗೆ ಉಸಿರು ಗಟ್ಟಿ," ಅನ್ನುತ್ತಿದ್ದಳು ಇವಳು.

ಹೀಗಿರುವಾಗ ದುರ್ಬೀನು ಮೇಡಂ ಬಂದಳು. ಇಪ್ಪತ್ತೆಂಟರ ಹುಡುಗಿ. ಕುತ್ತಿಗೆಯಲ್ಲಿ ಸದಾ ದುರ್ಬೀನು, ಅದಕ್ಕೇ ಆ ಹೆಸರು. ಕೆಟ್ಟವಳಲ್ಲ. ಈ ಕಥೆಯಲ್ಲಿ ಅವಳು ಕೆಟ್ಟವಳಾಗಿದ್ದರೆ ಎಷ್ಟೋ ವಾಸಿಯಿತ್ತು, ಬೈಯಲಾದರೂ ಬರುತ್ತಿತ್ತು. ಒಂದು ವಾರ ದಂಡೆಯ ಮೇಲೆ ಕೂತು ಏನೂ ಕಾಣದೆ ಪೆಚ್ಚಾಗಿದ್ದಳು. ಎಂಟನೇ ದಿನ ಗಂಟಕ್ಕನೇ ಕೈ ಹಿಡಿದು ನೀರಿಗೆ ಇಳಿಸಿದಳು. ಎಲೆ ತುಟಿಗಿಟ್ಟು ಕೂಗಿದಳು. ಕಾದಳು. ಉತ್ತರ ಬಂತು. ಮೇಡಂಗೆ ಕಣ್ಣಲ್ಲಿ ನೀರು.

ಎರಡು ಕೊಯ್ಲಿನ ಕಾಲ ಮೇಡಂ ಅಲ್ಲಿಯೇ ಇದ್ದಳು. ಇವರ ಮನೆಯಲ್ಲಿ ಉಂಡಳು, ಅತ್ತೆಯ ಚಾಪೆಯ ಮೇಲೆ ಮಲಗಿದಳು. ಕೂಗು ಕಲಿಯಲು ನೋಡಿ ತುಟಿ ಕೊಯ್ದುಕೊಂಡಳು. ಗಂಟು ನೋಡಿ ಆಶ್ಚರ್ಯಪಟ್ಟಳು. ಎರಡನೇ ವರ್ಷ ಒಂದು ದಿನ ಹೇಳಿದಳು:

"ಅಕ್ಕಾ, ಈ ಜೌಗು ಮುಚ್ಚಿ ಗೋಡೌನು ಕಟ್ಟಬೇಕು ಅಂತ ಮೇಲೆ ಮಾತು ನಡೀತಿದೆ. ಹಕ್ಕಿ ಎಲ್ಲೆಲ್ಲಿ ಇದೆ ಅಂತ ನಾನು ನಕ್ಷೆ ಬರೆದು ಕೊಟ್ಟರೆ ತಪ್ಪಿಸಬಹುದು. ಈ ಸಲ ಗಂಟು ಬಿಚ್ಚಬೇಡಿ. ಗಂಟು ಇದ್ದಲ್ಲೆಲ್ಲ ಚುಕ್ಕೆ ಇಡ್ತೀನಿ."

"ಚುಕ್ಕೆ ಜಾಸ್ತಿ ಇದ್ದಷ್ಟೂ ಒಳ್ಳೇದಾ?"

"ಜಾಸ್ತಿ ಇದ್ದಷ್ಟೂ ಅವರು ಮುಟ್ಟಲ್ಲ."

ಅಷ್ಟು ಸಾಕಾಯಿತು. ಗಂಟಕ್ಕ ಇಪ್ಪತ್ತು ಹೆಂಗಸರನ್ನು ಕಟ್ಟಿಕೊಂಡು ಹೊರಟಳು. ಗೂಡಿದ್ದ ಕಡೆ ಗಂಟು ಹಾಕಿದರು. ಹೋದ ವರ್ಷ ಗೂಡಿದ್ದ ಕಡೆ ಹಾಕಿದರು. ಅದರ ಹಿಂದಿನ ವರ್ಷ ಇದ್ದ ಕಡೆಯೂ ಹಾಕಿದರು. "ಸುಳ್ಳೇನಲ್ಲ, ಇತ್ತಲ್ಲ," ಅಂದಳು ಗಂಟಕ್ಕ. ಜೌಗು ಉಳಿದರೆ ನಾವು ಉಳಿದ ಹಾಗೆ ಅಂತ ಅವಳ ಲೆಕ್ಕ. ನಾಲ್ಕು ದಿನ ಕೊಯ್ಯುವ ಕೆಲಸ ಬಿಟ್ಟು ಗಂಟು ಹಾಕಿದರು. ನಗುತ್ತಾ ಹಾಕಿದರು. ತಮ್ಮ ಕಾಲಿನ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಳ್ಳುವವರು ಅಷ್ಟು ಖುಷಿಯಾಗಿ ಇದ್ದದ್ದನ್ನು ನಾನಂತೂ ಬೇರೆ ಕಡೆ ಕೇಳಿಲ್ಲ.

ನಕ್ಷೆಯ ತುಂಬ ಕೆಂಪು ಚುಕ್ಕೆಗಳಾದವು. ಹೊಸ ಹಕ್ಕಿ ಅಂತ ಪೇಪರಿನಲ್ಲಿ ಬಂದದ್ದು ಆಗಲೇ. ಗೋಡೌನಿನ ಮಾತು ನಿಂತುಹೋಯಿತು. ಮೇಡಂ ಫೋನು ಮಾಡಿ ಅತ್ತಳು, ಖುಷಿಗೆ. ಆರು ತಿಂಗಳಿಗೆ ಲಾರಿಯಲ್ಲಿ ಕಂಬ ಬಂತು, ತಂತಿ ಬಂತು. ಚುಕ್ಕೆ ಇದ್ದಲ್ಲೆಲ್ಲ ಬೇಲಿ. ಚುಕ್ಕೆ ಇಲ್ಲದ ಜಾಗವೇ ಇರಲಿಲ್ಲ.

ಗಂಟು ಅಂದರೆ ಮರಿ ಹಾರುವ ತನಕ ಬಿಡು ಅಂತ ಅರ್ಥ. ಮೇಲಿನವರು ಅದನ್ನು ಎಂದೆಂದಿಗೂ ಬಿಡು ಅಂತ ಓದಿಕೊಂಡರು. ಅವರು ಕಟ್ಟಿದ ಗಂಟನ್ನು ಬಿಚ್ಚುವವರೇ ಇರಲಿಲ್ಲ. ಬೇಲಿಯ ಬಾಗಿಲಲ್ಲಿ ಒಂದು ಬೋರ್ಡು ನಿಂತಿತು. ಅದರ ಮೇಲೆ ಎಮ್ಮೆಯ ಗಾತ್ರದ ಪೀಚಿ. ಕೆಳಗೆ, ಅತಿಕ್ರಮ ಪ್ರವೇಶ ಮಾಡಿದವರಿಗೆ ಜೈಲು ಅಂತ. ಮುತ್ತಜ್ಜಿಯ ಕಾಲದಿಂದ ಕೊಯ್ದವರು ಒಂದೇ ಬೆಳಗಿಗೆ ಅತಿಕ್ರಮದವರಾದರು.

ಬೇಲಿಗೆ ಗಾರ್ಡು ಬೇಕಿತ್ತು. ಮೈದುನನಿಗೆ ಆ ಕೆಲಸ ಸಿಕ್ಕಿತು. ಖಾಕಿ ಅಂಗಿ, ಒಂದು ಸೀಟಿ, ಬೇಲಿಯ ಬಳಿಯೇ ಮಲಗಲೊಂದು ಶೆಡ್ಡು. ಮೊದಲ ವಾರವೇ ಅತ್ತಿಗೆಯನ್ನು ತಡೆಯಬೇಕಾಗಿ ಬಂತು.

"ಅತ್ತಿಗೆ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ," ಅಂದ, ತಲೆ ಎತ್ತದೆ.

"ನಿಂದೊಂದೇ ಹೊಟ್ಟೆನಾ ಊರಲ್ಲಿರೋದು?"

ಅವನು ಸೀಟಿ ಊದಲಿಲ್ಲ. ಬಾಗಿಲೂ ತೆಗೆಯಲಿಲ್ಲ. ಗಂಟಕ್ಕ ಕುಡುಗೋಲು ಹಿಡಿದು ಮಧ್ಯಾಹ್ನದ ತನಕ ನಿಂತು ವಾಪಸು ಬಂದಳು.

ಇಪ್ಪತ್ತು ಮನೆಯಲ್ಲಿ ಹದಿನಾರು ಮನೆಯವರು ಒಬ್ಬೊಬ್ಬರಾಗಿ ಎದ್ದು ಹೋದರು. ದೂರದೂರಿನ ಇಟ್ಟಿಗೆ ಭಟ್ಟಿಗೆ ಹೋದರು, ಪಾತ್ರೆ ತಿಕ್ಕುವುದಕ್ಕೆ ಹೋದರು. ಹೋಗುವಾಗ ಒಬ್ಬಳು ಗಂಟಕ್ಕನ ಬಾಗಿಲಿಗೆ ಬಂದು, "ನೀನು ಕಟ್ಟಿಸಿದ ಗಂಟು ಕಣೇ ಇದು," ಅಂದು ಹೋದಳು.

ಅವಳು ಊರು ಬಿಡುವ ಹಾಗಿರಲಿಲ್ಲ. ಅತ್ತೆಗೆ ಈ ಮನೆಯ ಗೋಡೆ, ಹೊಸ್ತಿಲು, ನೀರಿನ ಮಡಕೆ ಕೈಗೆ ಗೊತ್ತು. ಬೇರೆ ಕಡೆ ಹೋದರೆ ಅವಳು ನಿಜವಾಗಿ ಕುರುಡಿಯಾಗುತ್ತಾಳೆ. ಮನೆಯಲ್ಲಿ ಒಂದು ಕಟ್ಟು ಜೊಂಡು ಉಳಿದಿತ್ತು. ಅತ್ತೆ ಅದರಲ್ಲಿ ಅರ್ಧ ಚಾಪೆ ಹೆಣೆದಳು. ಕಡ್ಡಿ ಮುಗಿಯಿತು. ಹೆಣೆದದ್ದನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದಳು.

"ಸುಮ್ಮನೆ ಕೂತ್ರೆ ಕೈ ಸತ್ತುಹೋಗುತ್ತೆ," ಅಂದಳು. "ಒಂದು ಹೊರೆ ತಂದುಕೊಡೇ. ಒಂದೇ ಒಂದು."

ಬೇಲಿಯ ಪಕ್ಕದಲ್ಲಿ ಪಕ್ಷಿ ಕೇಂದ್ರ ಅಂತ ಒಂದು ಕಟ್ಟಡ, ಜನ ಹತ್ತಿ ಹಕ್ಕಿ ನೋಡಲು ಸುತ್ತ ಕಂಬಿ ಹಾಕಿದ ಒಂದು ಅಟ್ಟಣೆ ಎದ್ದಿದ್ದವು. ಅದರ ಮೇಲಧಿಕಾರಿಯನ್ನು ಜನ ಬೇಲಿ ಸಾಹೇಬರು ಅನ್ನುತ್ತಿದ್ದರು. ಗಂಟಕ್ಕ ಅಲ್ಲಿ ಕೆಲಸಕ್ಕೆ ಸೇರಿದಳು. ನೆಲ ಒರೆಸುವುದು, ಪಾಯಿಖಾನೆ ತೊಳೆಯುವುದು. ಪೀಚಿಯ ಚಿತ್ರ ಇದ್ದ ಟೋಪಿ ಕೊಟ್ಟರು. ಹಕ್ಕಿ ನೋಡಲು ಬರುವವರಿಗೆ ಅದೇ ಪಾಯಿಖಾನೆ. ಜೊಂಡಿನ ಕೆಸರಿನ ವಾಸನೆ ಒಂದು ಸಲ ಮೈಗೆ ಹತ್ತಿದರೆ ಬಿಡುವುದಿಲ್ಲ. ಎಷ್ಟು ಸೋಪು ಹಾಕಿದರೂ ಉಗುರಿನ ಬುಡದಲ್ಲಿ ಇದ್ದೇ ಇರುತ್ತದೆ. ಮೊದಲ ತಿಂಗಳೇ ಸಾಹೇಬರು ಕರೆದು ಹೇಳಿದರು, "ಜನ ಬಂದಾಗ ಮುಂದೆ ಬರಬೇಡ. ಹಿಂದಿನ ಬಾಗಿಲಿಂದ ಓಡಾಡು. ವಾಸನೆ ಬರುತ್ತೆ ಅಂತಾರೆ."

ಒಳಗೆ ಗೋಡೆಯ ಮೇಲೆ ದೊಡ್ಡ ಫೋಟೋ ಇತ್ತು. ಜೊಂಡು, ನೀರು, ಒಂದು ಪೀಚಿ. ಅದನ್ನು ತೆಗೆಯುವಾಗ ಮೇಡಂ ಕ್ಯಾಮೆರಾ ಹಿಡಿದಿದ್ದಳು, ಗಂಟಕ್ಕ ಕುತ್ತಿಗೆ ಮಟ್ಟ ನೀರಲ್ಲಿ ನಿಂತು ಜೊಂಡು ಬಗ್ಗಿಸಿ ಹಿಡಿದಿದ್ದಳು. ಫೋಟೋದಲ್ಲಿ ಅವಳ ಕೈ ಇಲ್ಲ. ವಾರಕ್ಕೊಮ್ಮೆ ಅದರ ಗಾಜು ಒರೆಸುತ್ತಿದ್ದಳು.

ಬೇಲಿ ಬಿದ್ದ ಮೊದಲ ವರ್ಷ ಪೀಚಿ ಎಂದಿನ ಹಾಗೆ ಬಂತು. ಎರಡನೇ ವರ್ಷ ಅಲ್ಲೊಂದು ಇಲ್ಲೊಂದು. ಮೂರನೇ ವರ್ಷ ಜೊಂಡು ಪೂರ್ತಿ ಮಲಗಿತು. ನೀರಿದ್ದ ಕಡೆ ಕಂದು ಕಸ. ಗಂಟಕ್ಕ ಬೆಳಿಗ್ಗೆ ಕಸ ಗುಡಿಸಲು ಹೋದಾಗ ಬೇಲಿಯ ಹೊರಗೆ ನಿಂತು ಎಲೆ ತುಟಿಗಿಟ್ಟು ಕೂಗುತ್ತಿದ್ದಳು. ಕಾಯುತ್ತಿದ್ದಳು. ಉತ್ತರವಿಲ್ಲ.

ಅವಳು ಸಾಹೇಬರ ಮುಂದೆ ಹೋಗಿ ನಿಂತಳು.

"ಸಾರ್, ಪೀಚಿ ಹೋಗಿಬಿಡ್ತು. ಕೊಯ್ಯಬೇಕು ಸಾರ್. ಪೂರ್ತಿ ಬೇಡ. ಒಂದೇ ಒಂದು ಪಟ್ಟಿ. ಈ ಅಟ್ಟಣೆಯಿಂದ ಆ ಕಂಬದ ತನಕ. ಈ ವರ್ಷ ಕೊಯ್ದರೆ ಮುಂದಿನ ವರ್ಷ ಬರುತ್ತೆ. ನಮಗೆ ನಾಲ್ಕು ಚಾಪೆ ಆಗುತ್ತೆ, ಅದಕ್ಕೆ ಗೂಡಾಗುತ್ತೆ."

"ನೋಡಮ್ಮಾ, ಕೊಯ್ದರೆ ಹಕ್ಕಿಗೆ ತೊಂದರೆ ಅಂತ ವರದಿ ಇದೆ."

"ವರದಿ ಬರೆದವರು ನೀರಿಗೆ ಇಳಿದಿದ್ರಾ ಸಾರ್?"

ಸಾಹೇಬರು ನಕ್ಕರು. ಆ ನಗುವಿನಲ್ಲೇ ಅವಳನ್ನು ಹೊರಗೆ ಕಳಿಸಿದರು.

ಹದಿನೈದು ದಿನಕ್ಕೆ ಅವರೇ ಕರೆಸಿದರು. ಮೇಲಿನಿಂದ ಒಂದು ತಂಡ ಬರುತ್ತಿತ್ತು. ಹಕ್ಕಿ ಇದೆಯೋ ಇಲ್ಲವೋ ನೋಡಿ, ಕೇಂದ್ರ ಇರಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು. ಸಾಹೇಬರ ದನಿ ಜೇನಾಗಿತ್ತು. ಕೂತ್ಕೋ ಅಂದರು. ಮೂರು ವರ್ಷದಲ್ಲಿ ಮೊದಲ ಸಲ.

"ನೀನು ಹಕ್ಕಿ ಹಾಗೇ ಕೂಗ್ತೀಯಂತೆ. ನಿನ್ನ ಮೈದುನ ಹೇಳಿದ. ಅವರು ಅಟ್ಟಣೆ ಮೇಲೆ ನಿಂತಿರ್ತಾರೆ. ನೀನು ಜೊಂಡಿನೊಳಗೆ ಕೂತಿರು. ನಾನು ಕಂಬಿಗೆ ಎರಡು ಸಲ ತಟ್ತೀನಿ. ಆಗ ಕೂಗು. ಸಾಕು."

"ಅದು ಸುಳ್ಳಾಗುತ್ತಲ್ಲ ಸಾರ್."

"ಕೇಂದ್ರ ಉಳಿದ್ರೆ ತಾನೇ ನಿನ್ನ ಪಟ್ಟಿ? ಇದೊಂದು ಆಗಲಿ. ಅಟ್ಟಣೆಯಿಂದ ಕಂಬದ ತನಕ, ನಾನೇ ಬರೆದುಕೊಡ್ತೀನಿ."

ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಅವಳಿಗೂ ಗೊತ್ತಿತ್ತು. ಆದರೆ ಮನೆಯಲ್ಲಿ ಅತ್ತೆ ಅರ್ಧ ಚಾಪೆಯನ್ನು ನೂರನೇ ಸಲವೋ ಇನ್ನೂರನೇ ಸಲವೋ ಬಿಚ್ಚುತ್ತಿದ್ದಳು. ಬಿಚ್ಚಿ ಕಟ್ಟಿ ಕಡ್ಡಿಗಳೆಲ್ಲ ಮುರಿದು ತುಂಡಾಗಿದ್ದವು. ಗಂಟಕ್ಕ ಒಪ್ಪಿದಳು.

ಬೆಳಕು ಹರಿಯುತ್ತಲೇ ಅವಳನ್ನು ಒಳಗೆ ಬಿಟ್ಟರು. ಮೈದುನನೇ ಬಾಗಿಲು ತೆಗೆದ. ಮೂರು ವರ್ಷದ ಮೇಲೆ ಅವಳ ಕಾಲು ಆ ಕೆಸರಿಗೆ ಬಿತ್ತು. ಕೆಸರು ಹಿಂದಿನ ಹಾಗಿರಲಿಲ್ಲ, ಕೊಳೆತು ಹುಳಿ ವಾಸನೆ. ಮಲಗಿದ ಜೊಂಡಿನ ಅಡಿ ಮಂಡಿಯೂರಿ ತೆವಳಿಕೊಂಡು ಹೋಗಿ ಕೂತಳು. ಮೇಲೆ ಜೊಂಡು ಹೊದ್ದುಕೊಂಡಳು. ತಂಡದವರು ಬಂದದ್ದು ಹತ್ತು ಗಂಟೆಗೆ. ಅಷ್ಟು ಹೊತ್ತಿಗೆ ಸೊಂಟದ ಕೆಳಗೆ ಮರಗಟ್ಟಿ ಏನೂ ಗೊತ್ತಾಗುತ್ತಿರಲಿಲ್ಲ. ಉಚ್ಚೆ ಬಂದರೆ ಕೂತಲ್ಲೇ ಬಿಟ್ಟಳು. ಒಂದು ಇಲಿ ಅವಳ ತೊಡೆಯ ಮೇಲೆ ಹಾದುಹೋಯಿತು. ಅಟ್ಟಣೆಯ ಮೇಲೆ ಶೂಗಳ ಸದ್ದು, ನಗು, ಬಿಸ್ಕತ್ತಿನ ಪೊಟ್ಟಣ ಹರಿಯುವ ಸದ್ದು ಕೇಳಿಸುತ್ತಿತ್ತು.

ಕಂಬಿಗೆ ಎರಡು ತಟ್ಟು ಬಿತ್ತು. ಅವಳು ಕೂಗಿದಳು.

ಕೂಗಿ, ಅಭ್ಯಾಸ ನೋಡಿ, ಕಾದಳು. ಯಾವ ಮೂಲೆಯಿಂದಲಾದರೂ ಒಂದು ಉತ್ತರ ಬರಬಹುದು ಅಂತ ಉಸಿರು ಹಿಡಿದು ಕಾದಳು. ಮೇಲಿನವರು "ಶ್, ಶ್" ಅಂದುಕೊಂಡರು. ಯಾರೋ ತುಪ್ಪಳದ ಹೊದಿಕೆ ಹಾಕಿದ ಮೈಕನ್ನು ಕೋಲಿನ ತುದಿಗೆ ಕಟ್ಟಿ ಮುಂದೆ ಚಾಚಿದ್ದು ಕಡ್ಡಿಗಳ ಸಂದಿಯಲ್ಲಿ ಕಂಡಿತು. ಮತ್ತೆ ತಟ್ಟು. ಮತ್ತೆ ಕೂಗಿದಳು. ಆರು ಸಲ ಕೂಗಿದಳು. ತುಟಿ ಒಡೆದು ಬಾಯಿಗೆ ರಕ್ತದ ರುಚಿ ಬಂತು. ಅಟ್ಟಣೆಯ ಮೇಲೆ ಮೆಲ್ಲಗೆ ಚಪ್ಪಾಳೆ ಬಿತ್ತು.

ತಂಡದವರು ವರದಿ ಬರೆದರು. ಹಕ್ಕಿ ಚೆನ್ನಾಗಿದೆ. ಯಾರನ್ನೂ ಒಳಗೆ ಬಿಡದೆ ಕಾಪಾಡಿದ್ದರಿಂದಲೇ ಹಕ್ಕಿ ಚೆನ್ನಾಗಿದೆ. ಇನ್ನು ಮುಂದೆಯೂ ಒಂದು ಕಡ್ಡಿ ಕೊಯ್ಯಲು ಬಿಡಬಾರದು.

ಸಾಹೇಬರು ಅದನ್ನು ಓದಿ ಹೇಳಿದಾಗ ಗಂಟಕ್ಕ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ಬಟ್ಟೆಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಪಟ್ಟಿ ಕೊಡ್ತೀನಿ ಅಂದಿದ್ರಿ."

"ನನ್ನ ಕೈಯಲ್ಲಿ ಏನಿದೆಯಮ್ಮಾ? ಅವರೇ ಬರೆದಿದ್ದಾರೆ. ಹಕ್ಕಿ ಚೆನ್ನಾಗಿರುವಾಗ ಯಾಕೆ ಕೊಯ್ಯಬೇಕು, ಹೇಳು?"

ಹೇಳು ಅಂತ ಅವಳನ್ನೇ ಕೇಳಿದರು. ಮೊದಲು ಅವಳ ಗಂಟು ಅವಳನ್ನು ಹೊರಗೆ ಹಾಕಿತು. ಈಗ ಅವಳ ಕೂಗು ಬಾಗಿಲಿಗೆ ಬೀಗ ಜಡಿಯಿತು. ಅವತ್ತು ಮನೆಗೆ ಹೋಗಿ ಅತ್ತೆಯ ಪಕ್ಕ ಕೂತು ತನ್ನ ತಲೆ ತಾನೇ ಗೋಡೆಗೆ ಚಚ್ಚಿಕೊಂಡಳು. ಅತ್ತೆ ತಡಕಾಡಿ ಅವಳ ಹಣೆ ಹಿಡಿದಳು. ಬೈಯಲಿಲ್ಲ. ಅತ್ತೆ ಬೈಯದೆ ಇದ್ದದ್ದು ಗಂಟಕ್ಕನಿಗೆ ಇನ್ನೂ ಕಷ್ಟವಾಯಿತು.

ಮುಂದಿನ ತಿಂಗಳು ಇನ್ನೂ ದೊಡ್ಡವರು ಬರುವವರಿದ್ದರು. ಹೊರದೇಶದವರು, ಪೇಪರಿನವರು, ಮತ್ತೆ ದುರ್ಬೀನು ಮೇಡಂ. ಮೇಡಂ ಈಗ ದೊಡ್ಡ ಹುದ್ದೆಯಲ್ಲಿದ್ದಳು. ಆ ಹಕ್ಕಿಯೇ ಅವಳನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿತ್ತು. ಸಾಹೇಬರು ಗಂಟಕ್ಕನಿಗೆ, ಈ ಸಲವೂ ಹಾಗೇ, ಅಂದರು. ಪಟ್ಟಿಯ ಮಾತು ಎತ್ತಲಿಲ್ಲ. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರು. ಅವಳು ಹೂಂ ಅಂದಳು.

ಬೆಳಗ್ಗೆ ಹೋಗಿ ಜೊಂಡಿನೊಳಗೆ ಕೂತಳು. ನೀರು ತಣ್ಣಗಿತ್ತು. ಜಿಗಣೆಗಳು ತಮ್ಮ ಕೆಲಸ ಶುರು ಮಾಡಿದವು. ಹತ್ತು ಗಂಟೆಗೆ ಶೂಗಳ ಸದ್ದು.

ಕಂಬಿಗೆ ಎರಡು ತಟ್ಟು ಬಿತ್ತು. ಅವಳು ಕೂಗಲಿಲ್ಲ.

ಮತ್ತೆ ಎರಡು ತಟ್ಟು, ಜೋರಾಗಿ. ಕೂಗಲಿಲ್ಲ. ಎಲೆ ಅವಳ ಬೆರಳ ನಡುವೆಯೇ ಇತ್ತು. ಸಾಹೇಬರು ಕೆಮ್ಮಿದರು. ಮೂರನೇ ಸಲ ತಟ್ಟುವಾಗ ಅವಳು ಎದ್ದು ನಿಂತಳು.

ತಲೆಯ ಮೇಲಿನ ಕೊಳೆತ ಜೊಂಡು ಭುಜದ ಮೇಲೆ ಜಾರಿತು. ಮೈಯಿಂದ ಕಪ್ಪು ನೀರು ಇಳಿಯುತ್ತಿತ್ತು. ಹತ್ತು ಹನ್ನೆರಡು ದುರ್ಬೀನುಗಳು ಒಟ್ಟಿಗೆ ಅವಳ ಕಡೆ ತಿರುಗಿದವು.

"ಹಕ್ಕಿ ಇಲ್ಲ," ಅಂದಳು. "ಹೋಗಿ ಒಂದು ವರ್ಷ ಆಯ್ತು. ಹೋದ ತಿಂಗಳು ಕೂಗಿದ್ದು ನಾನು. ನನ್ನ ಕೂರಿಸಿ ಕೂಗಿಸಿದ್ರು. ಕೊಯ್ಯದೆ ಜೊಂಡು ಸತ್ತಿದೆ, ಅದಕ್ಕೇ ಹೋಯ್ತು. ಇನ್ನು ನಾನು ಕೂಗಲ್ಲ."

ಯಾರೋ ಒಬ್ಬ ಫೋಟೋ ತೆಗೆದ. ಸಾಹೇಬರು ಹುಬ್ಬು ಕುಣಿಸಿ, "ಕೊಯ್ಲಿನವರು ಸಾರ್. ಬೇಲಿ ಹಾಕಿದ ಸಿಟ್ಟು. ಒಳಗೆ ನುಗ್ತಾರೆ, ಏನೋ ಮಾತಾಡ್ತಾರೆ," ಅಂದರು.

ಗಂಟಕ್ಕ ಅವರ ಕಡೆ ನೋಡಲಿಲ್ಲ. ಮೇಡಂ ಕಡೆ ನೋಡಿದಳು.

"ನಿಮಗೆ ಗೊತ್ತು. ನಮ್ಮನೇಲಿ ಎರಡು ವರ್ಷ ಕೇಳಿದೀರಿ. ಹೋದ ತಿಂಗಳು ಬಂದವರು ಮೈಕಿಗೆ ಹಿಡ್ಕೊಂಡು ಹೋದ್ರಲ್ಲ, ಅದನ್ನ ನೀವು ಕೇಳಿಲ್ವಾ? ನಡುವೆ ಉಸಿರು ಬರುತ್ತಲ್ಲ. ಪೀಚಿಗೆ ಬರುತ್ತಾ? ಹೇಳಿ."

ಎಲ್ಲರೂ ಮೇಡಂ ಕಡೆ ತಿರುಗಿದರು. ಮೇಡಂ ಕುತ್ತಿಗೆಯ ದುರ್ಬೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೇಳಿದ್ದಳು ಅವಳು. ಗೊತ್ತಾಗಿತ್ತು ಅವಳಿಗೆ. ಮುಖ ನೋಡಿದರೇ ಹೇಳಬಹುದಿತ್ತು. ಅವಳು ನೆಲ ನೋಡುತ್ತಾ ಹೇಳಿದಳು:

"ರೆಕಾರ್ಡಿಂಗ್ ಕೇಳಿ ಅಷ್ಟು ಖಚಿತವಾಗಿ ಹೇಳೋದಕ್ಕೆ ಆಗಲ್ಲ."

ಅಷ್ಟೇ. ಮೈದುನ ನೀರಿಗೆ ಇಳಿದು ಬಂದ. ಅತ್ತಿಗೆಯ ರಟ್ಟೆ ಹಿಡಿದ. "ಬನ್ನಿ ಅತ್ತಿಗೆ, ಬನ್ನಿ," ಅನ್ನುತ್ತಲೇ ಎಳೆದುಕೊಂಡು ಹೋದ. ಅವಳು ಕೈ ಕೊಡವಲಿಲ್ಲ. ಹೇಳುವುದು ಹೇಳಿಯಾಗಿತ್ತು. ಕಾಲಿಗೆ ಹತ್ತಿದ ಜಿಗಣೆಗಳನ್ನು ಬೇಲಿಯ ಬಾಗಿಲಲ್ಲಿ ಕೂತು ಒಂದೊಂದಾಗಿ ಕಿತ್ತಳು. ಟೋಪಿ ಅಲ್ಲೇ ಬಿಟ್ಟಳು.

ಸಂಜೆ ಮೇಡಂ ಮನೆಯ ತನಕ ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತು, "ಅಕ್ಕಾ, ಹಕ್ಕಿ ಇಲ್ಲ ಅಂತ ನಾನು ಒಪ್ಪಿಕೊಂಡ್ರೆ ಬೇಲಿ ತೆಗೀತಾರೆ. ಬೇಲಿ ತೆಗೆದ್ರೆ ಗೋಡೌನು ಬರುತ್ತೆ. ಏನು ಮಾಡಲಿ?" ಅಂದಳು.

ಒಳಗಿಂದ ಅತ್ತೆ ಹೇಳಿದಳು, "ನಮ್ಮನ್ನ ಒಳಗೆ ಬಿಡಬಹುದಿತ್ತಲ್ಲಮ್ಮಾ. ಅದು ನಿಮ್ಮ ಯಾರ ತಲೆಗೂ ಬರಲಿಲ್ಲ."

ಮೇಡಂ ಹೊರಟುಹೋದಳು. ಅವಳು ಮತ್ತೆ ಬರಲಿಲ್ಲ.

ಪೇಪರಿನಲ್ಲಿ ಏನೂ ಬರಲಿಲ್ಲ. ಗಂಟಕ್ಕನ ಮೇಲೆ ಅತಿಕ್ರಮದ ಕೇಸು ಬಿತ್ತು. ತಿಂಗಳಿಗೊಮ್ಮೆ ಕೋರ್ಟಿನ ಜಗಲಿಯಲ್ಲಿ ಕೂತು ಬರುತ್ತಾಳೆ. ಹೆಸರು ಕೂಗಿದರೆ ಎದ್ದು ನಿಲ್ಲುತ್ತಾಳೆ, ಮುಂದಿನ ತಿಂಗಳು ಅಂದರೆ ವಾಪಸು ಬರುತ್ತಾಳೆ. ಉಳಿದ ದಿನ ಊರ ಪಕ್ಕ ಹೊಸದಾಗಿ ಎದ್ದ ಇಟ್ಟಿಗೆ ಭಟ್ಟಿ. ಎದೆಯಲ್ಲಿ ಈಗ ಧೂಳು ತುಂಬಿ, ಬರೀ ಮಾತಾಡಿದರೂ ನಡುನಡುವೆ ಉಸಿರು ಎಳೆದುಕೊಳ್ಳಬೇಕು.

ಗೂಡಿನ ಕಾಲ ಬಂತು. ಒಂದು ಬೆಳಗ್ಗೆ ಅವಳು ಒಲೆ ಹಚ್ಚುತ್ತಿದ್ದಳು. ಬೇಲಿಯ ಕಡೆಯಿಂದ ಕೂಗು ಕೇಳಿಸಿತು. ಎರಡು ಸಣ್ಣ ಚಿಟುಕು, ಆಮೇಲೆ ಉದ್ದಕ್ಕೆ ಕಿರ್ರನೆಯ ಎಳೆತ. ಅವಳ ಕೈಯಿಂದ ಬೆಂಕಿಪೊಟ್ಟಣ ಬಿತ್ತು. ಬಂತು, ಅಂದುಕೊಂಡಳು. ನಮ್ಮ ಹಂಗಿಲ್ಲದೆಯೂ ಬಂತಲ್ಲ. ಅವಳಿಗೆ ಅಳು ಉಕ್ಕಿತು. ಹೊರಗೆ ಓಡಲು ಎದ್ದಳು.

"ಕೂತ್ಕೋ," ಅಂದಳು ಅತ್ತೆ. ಮುರಿದ ಕಡ್ಡಿಗಳ ಮೇಲೆ ಅವಳ ಬೆರಳು ನಿಂತಿತ್ತು. ಮುಖ ಕಿಟಕಿಯ ಕಡೆ ಇತ್ತು. "ಇನ್ನೊಂದು ಸಲ ಕೇಳು."

ಮತ್ತೆ ಕೂಗಿತು. ಚಿಟುಕು, ಚಿಟುಕು. ಎಳೆತ. ನಡುವೆ ಒಂದು ಚೂರು ತುಂಡು. ಮತ್ತೆ ಎಳೆತ.

"ಅವತ್ತು ಮೈಕಿಗೆ ಹಿಡಿದದ್ದನ್ನ ಕೂಗಿಸೋ ಪೆಟ್ಟಿಗೆ ಅಟ್ಟಣೆಗೆ ಕಟ್ಟಿದಾರಂತೆ," ಅಂದಳು ಅತ್ತೆ. "ನಿನ್ನ ಮೈದುನ ನಿನ್ನೆ ಬಂದು ಬಾಗಿಲಲ್ಲಿ ಅತ್ತು ಹೋದ. ನಿಂಗೆ ಹೇಳೋದಕ್ಕೆ ಅವನಿಗೆ ಬಾಯಿ ಬರಲಿಲ್ಲ, ನಂಗೂ ಬರಲಿಲ್ಲ."

ಗಂಟಕ್ಕ ಒಲೆಯ ಮುಂದೆ ಕೂತಳು. ಹೊರಗೆ ಅವಳೇ ಕೂಗಿದಳು. ಕೂಗಿ ಕಾಯದೆ ಮತ್ತೆ ಕೂಗಿದಳು. ಕೂಗಿ ಕಾಯಬೇಕು ಅಂತ ಪೆಟ್ಟಿಗೆಗೆ ಯಾರೂ ಕಲಿಸಿರಲಿಲ್ಲ.

ಇವತ್ತಿಗೂ ಅದು ಬೆಳಗ್ಗೆ ಆರರಿಂದ ಹತ್ತರ ತನಕ ಕೂಗುತ್ತದೆ. ಜನ ಅಟ್ಟಣೆ ಹತ್ತಿ ಬಾಯಿ ಮುಚ್ಚಿ ನಿಂತು ಕೇಳುತ್ತಾರೆ. ಭಟ್ಟಿಗೆ ಹೋಗುವ ದಾರಿ ಬೇಲಿಯ ಪಕ್ಕದಲ್ಲೇ ಇದೆ. ಗಂಟಕ್ಕ ದಿನವೂ ಅದರ ಕೆಳಗೇ ಹಾದುಹೋಗುತ್ತಾಳೆ. ಎಳೆತದ ನಡುವೆ ಆ ಉಸಿರು ಬರುವಾಗ ಅವಳ ಕಾಲು ಒಂದು ಗಳಿಗೆ ತಡೆಯುತ್ತದೆ. ಅಟ್ಟಣೆಯಿಂದ ಇಳಿದವರು ಬಾಗಿಲಲ್ಲಿಟ್ಟ 'ಹಕ್ಕಿ ಕಂಡಿರಾ? ಕೇಳಿದಿರಾ?' ಅನ್ನುವ ಪುಸ್ತಕದಲ್ಲಿ 'ಕೇಳಿದೆವು' ಅಂತ ಬರೆದು ಸಹಿ ಹಾಕಿ ಹೋಗುತ್ತಾರೆ.